ಲಾಳ ಕಟ್ಟುವವನ ಹೆಂಡತಿ

ಎಪ್ಪತ್ತರ ದಶಕದ ನಡುವೆ ನಾನು ಸಿಂದಗಿಯಲ್ಲಿ ಹೈಸ್ಕೂಲ್ ಮಾಸ್ತರನಾಗಿದ್ದೆ. ಶನಿವಾರ ಸಾಲಿ ಬಿಟ್ಟಕೂಡಲೇ ಬಸ್ ಹಿಡಿದು ಇಂಡಿ ಊರಿನ ನಮ್ಮ ಮನೆಗೆ ಬರುತ್ತಿದ್ದೆ. ಅಲ್ಲಿ ಅಪ್ಪನ ತಂಗಿ, ನಮ್ಮ ಅತ್ಯಾ, ನನಗಿಂತ ನನ್ನ ಚೀಲದೊಳಗಿನ ಕಾದಂಬರಿಯ ದಾರಿ ಕಾಯುತ್ತಿದ್ದಳು. ಮರಾಠಿ ಸಾಲಿ ಕಲಿತವಳು. ಕನ್ನಡ ಅಕ್ಷರ ಬರುತ್ತಿರಲಿಲ್ಲ. ನಾನು ಓದಬೇಕು, ಆಕೆ ಮೊರದಲ್ಲಿ ಬ್ಯಾಳಿ ಹಸನು ಮಾಡುತ್ತ ಕೇಳಬೇಕು.

ಆ ವರ್ಷ ಓದುತ್ತಿದ್ದ ಪುಸ್ತಕ ಕೃಷ್ಣೆಯ ದಂಡೆಯಲ್ಲಿ ನಡೆದ ಹಳೆಯ ದೊಡ್ಡ ಯುದ್ಧದ್ದು. ರಾಜರು, ಸರದಾರರು ಬೇಕಾದಷ್ಟಿದ್ದರು. ಅವರ ನಡುವೆ ಕುದುರೆಗೆ ಲಾಳ ಕಟ್ಟುವವನ ಹೆಂಡತಿ ಒಬ್ಬಳು. ಗಂಡ ದಂಡಿನ ಹಿಂದೆ ಹೋದವನು ತಿರುಗಿ ಬಂದಿಲ್ಲ. ಈಕೆ ಕುಲುಮೆ ಆರಲು ಬಿಡದೆ ತಾನೇ ಮೊಳೆ ಬಡಿಯುತ್ತಾಳೆ. ಮೇವು ಕಸಿಯಲು ಬಂದ ಸರದಾರನಿಗೆ, ನಿನ್ನ ಕುದುರೆಗಿರುವ ಮರ್ಯಾದೆ ನಿನಗಿಲ್ಲ ಎಂದು ಮುಖಕ್ಕೇ ಹೇಳುತ್ತಾಳೆ. ಅತ್ಯಾಗೆ ಅವಳೆಂದರೆ ಜೀವ.

"ರಾಣಿ ಸಾಕು, ಮುಂದ ಹೋಗು," ಅನ್ನುತ್ತಿದ್ದಳು. "ಬರೇ ಕನ್ನಡಿ ನೋಡ್ಕೊಳ್ಳೂದು, ಉಸಿರು ಬಿಡೂದು. ಲಾಳದಾಕಿ ಎಲ್ಲಿ ಹೋದ್ಲು?"

"ರಾಣೀದು ಇನ್ನ ಎರಡು ಪುಟ ಅದ, ಅತ್ಯಾ."

"ಹಾರಿಸು. ಆಕಿ ಏನೂ ಸಿಟ್ಟಾಗೂದಿಲ್ಲ."

ಅತ್ಯಾನ ಗಂಡ ಬಾಗೇವಾಡಿಯಲ್ಲಿ ಸೊಲ್ಲಾಪುರದ ಬಸ್ ಹತ್ತಿದವರು ಮತ್ತೆ ಬಂದಿರಲಿಲ್ಲ. ಅದಕ್ಕೆ ಹನ್ನೆರಡು ವರ್ಷ ತುಂಬಿತ್ತು. ಅಷ್ಟು ವರ್ಷ ಸುದ್ದಿ ಇಲ್ಲದವನನ್ನು ಸತ್ತನೆಂದೇ ತಿಳಿದು, ಮುತ್ತಲ ಎಲೆಯ ತೊಟ್ಟುಗಳಿಂದ ಅವನ ಆಕಾರ ಮಾಡಿ ಸುಡುವುದು ನಮ್ಮಲ್ಲಿಯ ಪದ್ಧತಿ. ಸುಟ್ಟ ದಿನದಿಂದ ಹೆಂಡತಿ ವಿಧವೆ. ಇಂಗಳೇಶ್ವರದಿಂದ ಆಕೆಯ ಮೈದುನ ಬಂದು ಪಡಸಾಲೆಯಲ್ಲಿ ಕೂತರು.

"ಪಿತೃಪಕ್ಷದಾಗ ಅಣ್ಣಗ ಎಡಿ ಇಡಬೇಕೋ ಬ್ಯಾಡೋ ಹೇಳ್ರಿ ವೈನಿ. ಇಟ್ಟರೂ ಪಾಪ, ಬಿಟ್ಟರೂ ಪಾಪ ಆಗ್ಯದ."

ಅಪ್ಪ ತಂಗಿಯ ಮುಖ ನೋಡದೆ, "ನೀ ಹ್ಞೂಂ ಅಂದ್ರ ಮಾತ್ರ," ಅಂದರು.

"ಪುಸ್ತಕ ಮುಗೀಲಿ," ಅಂದಳು ಅತ್ಯಾ. "ಆಮ್ಯಾಲೆ ಹೇಳ್ತೀನಿ."

ಮೈದುನ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆಕೆ ದಿನ ದೂಡುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದೆ.

ಕಾದಂಬರಿಯ ಎರಡನೆಯ ಭಾಗ ಮುದ್ದೇಬಿಹಾಳದ ನಿವೃತ್ತ ಮಾಸ್ತರರೊಬ್ಬರಲ್ಲಿತ್ತು. ಹೋಗಿ ತಂದೆ. ನಾಲ್ಕು ವಾರ ಓದಿದೆವು. ಕೊನೆಯ ಅಧ್ಯಾಯವನ್ನು ಮಾತ್ರ ನಾನು ಮೊದಲೇ, ತರುವ ದಿನವೇ, ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಓದಿಬಿಟ್ಟಿದ್ದೆ. ಅದರಲ್ಲಿ ಆ ಹೆಂಗಸು ರಣರಂಗಕ್ಕೆ ಹೋಗುತ್ತಾಳೆ. ಮೂರು ದಿನ ಹುಡುಕಿದರೂ ಗಂಡ ಸಿಗುವುದಿಲ್ಲ. ಕಡೆಗೆ ಮುಖ ಗುರುತು ಸಿಗದ ಯಾವನದೋ ಹೆಣವನ್ನು ಎಳೆದು ತಂದು, ಇವನೇ ನನ್ನ ಗಂಡ ಎಂದು ಬೆಂಕಿ ಇಡುತ್ತಾಳೆ. "ಇವನಿಗೂ ಎಲ್ಲೋ ಒಬ್ಬಾಕೆ ಇರಬೇಕು. ನನ್ನವನನ್ನು ಆಕೆ ಸುಡಲಿ, ಆಕೆಯವನನ್ನು ನಾನು ಸುಡುತ್ತೇನೆ."

ಇದನ್ನು ಹೇಗೆ ಓದಲಿ? ನಾಳೆ ಕುಂಕುಮ ಅಳಿಸಿದ ಅತ್ಯಾನ ಬರಿಹಣೆ ನನ್ನ ಕಣ್ಣ ಮುಂದೆ ಬಂತು. ಆ ಭಾನುವಾರ ಮಧ್ಯಾಹ್ನ ಪುಟದ ಮೇಲೆ ಕಣ್ಣಿಟ್ಟು ಬಾಯಿಗೆ ಬಂದದ್ದು ಹೇಳತೊಡಗಿದೆ. ಗಂಡ ಕುಂಟುತ್ತ ಬಂದ, ಹೆಂಡತಿ ಅಳುತ್ತ ಓಡಿಹೋಗಿ ಅವನ ಕಾಲಿಗೆ ಬಿದ್ದಳು, "ಸ್ವಾಮೀ, ನನ್ನ ಬಾಳು ಬೆಳಗಿತು" ಅಂದಳು.

ಅತ್ಯಾನ ಕೈ ನಿಂತಿತು.

"ಯಾರು ಅಂದದ್ದು?"

"ಲಾಳದಾಕಿ."

"ಆಕಿ ಹಂಗ ಅನ್ನೂದಿಲ್ಲ. ಇಷ್ಟು ದಿನ ಎಲ್ಲಿ ಸತ್ತಿದ್ಯೋ ಅಂತಾಳ, ಮೊದಲ ಅದನ್ನ ಕೇಳ್ತಾಳ. ಕಾಲಿಗೆ ಬೀಳೂದು ರಾಣಿ ಕೆಲಸ." ಮೊರವನ್ನು ಕೆಳಗಿಟ್ಟಳು. "ಮಾಸ್ತರ ಆಗೀದಿ, ಸುಳ್ಳು ಓದಲಿಕ್ಕೂ ಬರಂಗಿಲ್ಲ ನಿನಗ. ಇದ್ದದ್ದು ಓದು."

ಇದ್ದದ್ದು ಓದಿದೆ. ಮುಗಿದ ಮೇಲೆ ಆಕೆ ಮತ್ತೆ ಬ್ಯಾಳಿಯೊಳಗಿನ ಹರಳು ಹೆಕ್ಕತೊಡಗಿದಳು.

"ಆಕಿಗೆ ಒಂದು ಹೆಣಾನರ ಸಿಕ್ತು," ಅಂದಳು. "ನಿಮ್ಮಪ್ಪಗ ಹೇಳು, ಆಗಲಿ ಅಂತ."

ಕೊಲ್ಹಾರದ ಹೊಳೆದಂಡೆಯಲ್ಲಿ ಅಪ್ಪ, ಮೈದುನ, ನಾನು ನಿಂತೆವು. ಭಟ್ಟರು ತೊಟ್ಟುಗಳನ್ನು ಜೋಡಿಸಿ ಕೈ, ಕಾಲು, ತಲೆ ಎಂದು ಕಟ್ಟಿದರು. ಒಬ್ಬ ಮನುಷ್ಯನ ಮಟ್ಟಿಗೆ ಅದು ತೀರ ಬೇಗ ಉರಿದುಹೋಯಿತು. ಗಾಳಿ ಇತ್ತು, ನೀರಿಗೆ ಬಿಡುವಷ್ಟೂ ಬೂದಿ ಉಳಿಯಲಿಲ್ಲ. ಮನೆಗೆ ಬಂದಾಗ ಅವ್ವ ಹಿತ್ತಲಲ್ಲಿ ಅತ್ಯಾನ ಬಳೆಯ ಚೂರು ಗುಡಿಸುತ್ತಿದ್ದಳು.

ಸೂತಕ ಕಳೆದ ಮೇಲೆ ಅತ್ಯಾ ಒಳಗಿನ ಕೋಣೆಗೆ ನನ್ನನ್ನು ಕರೆದಳು. ಹಣೆ ನೋಡಲಾಗದೆ ನೆಲ ನೋಡುತ್ತ ನಿಂತೆ.

"ಆ ಲಾಳ ಕಟ್ಟಾಂವ ಖರೇನ ಸತ್ತಿದ್ನೇನು?"

"ಪುಸ್ತಕದಾಗ ಹೇಳಿಲ್ಲ, ಅತ್ಯಾ."

"ಬರದವರಿಗೆ ಗೊತ್ತಿರತದ. ಆಕೀನ್ನ ಅಷ್ಟು ಬಲ್ಲವರು, ಆಕಿ ಗಂಡನ್ನ ಬಲ್ಲಂಗಿಲ್ಲೇನು? ಕೇಳು."

ಅದು ಕಟ್ಟಿದ ಕತೆ ಎಂದು ಹೇಳಲು ಬಾಯಿ ಬರಲಿಲ್ಲ. ಪುಸ್ತಕದ ಹಿಂದಿದ್ದ ಲೇಖಕರ ವಿಳಾಸಕ್ಕೆ ಆಕೆಯ ಎದುರಿಗೇ ಒಂದು ಕಾರ್ಡು ಬರೆದು ಹಾಕಿದೆ. ತಿಂಗಳಾಯಿತು, ಎರಡಾಯಿತು, ಉತ್ತರ ಬರಲಿಲ್ಲ. ಟಪಾಲಿನವನು ಓಣಿಯಲ್ಲಿ ಬಂದನೆಂದರೆ, "ನಮಗ ಏನರ ಅದ ಏನು ನೋಡ್ರಿ," ಎಂದು ಒಳಗಿನಿಂದಲೇ ಕೇಳುತ್ತಿದ್ದಳು. ಹೊಸದಾಗಿ ವಿಧವೆಯಾದವಳು, ಆ ವರ್ಷವೆಲ್ಲ ಆಕೆ ಹೊಸ್ತಿಲು ದಾಟುವಂತಿರಲಿಲ್ಲ.