ಪೊಟ್ಟಿ ಎಂದದ್ದು ಯಾರಿಗೆ?

ತ್ರಿಪ್ಪುಣಿತ್ತುರದ ನಮ್ಮ ಫ್ಲಾಟಿನ ಊಟದ ಮೇಜಿನ ಮುಂದೆ ಅಂದು ಮೂವರು ಕೂತಿದ್ದೆವು: ನಾನು, ಎಂಟನೇ ಕ್ಲಾಸಿನ ಮಗಳು ಇಂಚರ, ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾದ ಪಕ್ಕದ ಮನೆಯ ಮಲಯಾಳಿ ಅಕ್ಕ, ಶೀಲಾ ಚೇಚಿ. ಶಾಲೆಯಲ್ಲಿ ಎಲ್ಲರೆದುರು ಒಂದು ಎಲ್‌ಇಡಿ ಬಲ್ಬು ಸುಟ್ಟಮೇಲೆ ಇಂಚರ ಎಲೆಕ್ಟ್ರಾನಿಕ್ಸ್ ಕ್ಲಬ್ಬಿನತ್ತ ತಲೆಹಾಕಿರಲಿಲ್ಲ. ಕಂಪ್ಯೂಟರಿನಲ್ಲೇ ಸರ್ಕ್ಯೂಟ್ ಜೋಡಿಸಿ ನೋಡುವ ಸಾಫ್ಟ್‌ವೇರ್ ಒಂದನ್ನು ಅವಳಿಗಾಗಿ ಆರಿಸುತ್ತಿದ್ದೆವು.

ನಾನು ಹುಡುಕಿದ್ದು ಇಂಜಿನಿಯರುಗಳು ಬಳಸುವಂಥದ್ದು. ತಪ್ಪಾದಾಗ ಅದು ಇಂಗ್ಲಿಷಿನಲ್ಲಿ ಒಂದು ಸಾಲು ಗೊಣಗಿ ಸುಮ್ಮನಾಯಿತು. ಚೇಚಿ ತೋರಿಸಿದ್ದರಲ್ಲಿ ಬ್ಯಾಟರಿ, ಬಲ್ಬುಗಳ ಚಿತ್ರಗಳೇ ಇದ್ದವು. ಮಗಳು ಕರೆಂಟು ತಗ್ಗಿಸುವ ರೆಸಿಸ್ಟರ್ ಮರೆತು ತಂತಿ ಜೋಡಿಸಿದಳು. ಪರದೆಯ ಮೇಲೆ ಬಲ್ಬು ಸಿಡಿಯಿತು.

"ಪೊಟ್ಟಿ," ಎಂದಳು ಮೆಲ್ಲಗೆ.

ಮಲಯಾಳಂನಲ್ಲಿ ಪೊಟ್ಟಿ ಎಂದರೆ ಪೆದ್ದಿ ಎಂದಷ್ಟೇ ನನಗೆ ಗೊತ್ತು. "ನಿನ್ನನ್ನ ನೀನೇ ಹಂಗೆಲ್ಲ ಅನ್ಕೋಬಾರ್ದು ಪುಟ್ಟಾ," ಎಂದೆ.

ಚೇಚಿ ನಕ್ಕರು. "ಪೊಟ್ಟಿಯದ್ ಬಲ್ಬಾಣ್, ಅವಳಲ್ಲ."

ಸಿಡಿದದ್ದು ಬಲ್ಬು ಎಂದರು; ಸಿಡಿಯಿತು ಎನ್ನುವುದಕ್ಕೂ ಪೊಟ್ಟಿ ಎಂಬುದೇ ಮಾತಂತೆ. ಇಂಚರಳಿಗೂ ನಗು ತಡೆಯಲಿಲ್ಲ. "ಇದು ಮದಿ ಅಮ್ಮಾ," ಇದೇ ಸಾಕು ಎಂದವಳು, ಬೇಕೆಂದೇ ಇನ್ನೆರಡು ಬಲ್ಬು ಸಿಡಿಸಿದಳು. ಆಮೇಲೆ ರೆಸಿಸ್ಟರ್ ಸೇರಿಸಿ ಒಂದನ್ನು ಉರಿಸಿದಳು.

ಮರುವಾರ ಕ್ಲಬ್ಬಿಗೆ ಹೋದಳು. ಸಂಜೆ ಮೂವರು ಗೆಳತಿಯರನ್ನು ಮನೆಗೆ ಕರೆತಂದಳು. ಬಾಳೆಹಣ್ಣಿನ ಬಜ್ಜಿ ಪಳಂಪೊರಿಯ ತಟ್ಟೆ ಖಾಲಿಯಾದರೂ ಅವರಲ್ಲಿ ಯಾರೂ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ.