ಹಿಂದಿನ ಬೆಂಚಿನಲ್ಲಿ ಕಲಿತ ದನಿ

ಮೂಡುಬಿದಿರೆಯ ಟ್ಯೂಷನ್ ಕೇಂದ್ರದಲ್ಲಿ ನನ್ನ ಮೊದಲ ಗಣಿತ ಪಾಠಕ್ಕೇ ಒಬ್ಬ ಹುಡುಗಿ ಅತ್ತುಬಿಟ್ಟಳು. ನಾನು ಬೈದಿರಲಿಲ್ಲ, ದೇವರಾಣೆ! "ಏನವ್ವಾ, ತಲಿ ಎಲ್ಲಿಟ್ಟು ಬಂದಿ?" ಎಂದಿದ್ದೆ, ಅಷ್ಟೆ. ನಮ್ಮ ಸಿಂದಗಿಯಲ್ಲಿ ಹಾಗೆಂದರೆ ಮಕ್ಕಳು ಹಲ್ಲು ಕಿಸಿಯುತ್ತವೆ. ಇಲ್ಲಿ ಇಡೀ ಕ್ಲಾಸು ತಲೆ ತಗ್ಗಿಸಿತು.

ಕೇಂದ್ರ ನಡೆಸುವ ಸರ್ ಸಿದ್ಧಕಟ್ಟೆಯವರು. ಮೆಲ್ಲಗೇ ಹೇಳಿದರು: "ಬೊಬ್ಬೆ ಹಾಕಿದ್ರೆ ಆಗುದಿಲ್ಲ ಸುವರ್ಣಾ ಮೇಡಂ. ಒಂದು ತಿಂಗಳು ಹಿಂದಿನ ಬೆಂಚಲ್ಲಿ ಕೂತು ನಮ್ಮ ಪಾಠ ನೋಡಿ. ಮತ್ತೆ ಒಂದು ಕ್ಲಾಸು ಕೊಡ್ತೇನೆ. ಆಗದಿದ್ರೆ... ನೋಡುವ."

ಬೊಬ್ಬೆ ಎಂದರೆ ಇಲ್ಲಿ ಕೂಗಾಟ. 'ನೋಡುವ' ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಊರಲ್ಲಿ ನಾನು ಕಲಿಸುತ್ತಿದ್ದ ಶಾಲೆ ಮುಚ್ಚಿಹೋಗಿತ್ತು. ಅವ್ವನನ್ನು ಅಣ್ಣನ ಮನೆಯಲ್ಲಿ ಬಿಟ್ಟು ಬಂದಿದ್ದೆ. ಈ ಕೆಲಸವೂ ಕೈಬಿಟ್ಟರೆ ಹೋಗಲು ಬೇರೆ ಜಾಗವೇ ಇರಲಿಲ್ಲ.

ಮಕ್ಕಳ ಹಿಂದೆ ಮಗುವಿನಂತೆ ಕೂತೆ. ಸರ್ ಬೋರ್ಡಿನ ಮೇಲೆ ಬೇಕೆಂದೇ ಲೆಕ್ಕ ತಪ್ಪು ಬರೆದು ಸುಮ್ಮನೆ ನಿಲ್ಲುತ್ತಿದ್ದರು. ಮಕ್ಕಳು ತುಳುವಿನಲ್ಲಿ ಗುಸುಗುಸು ಮಾಡಿ ತಪ್ಪು ಹಿಡಿಯುತ್ತಿದ್ದರು. ಶಿರ್ತಾಡಿಯಿಂದ ಬಸ್ಸಿನಲ್ಲಿ ಬರುವ ವಾರಿಜಾ ಮೇಡಂ ಬೋರ್ಡಿನ ಹತ್ತಿರವೇ ಸುಳಿಯುವವರಲ್ಲ. ಬೆಂಚಿನ ತುದಿಗೆ ಕೂತು "ಎಂಚ?" ಎನ್ನುವರು. ಹೇಗೆ ಎಂದರ್ಥ. ಅಷ್ಟಕ್ಕೇ ಮಗು ಇಡೀ ಲೆಕ್ಕ ಬಿಡಿಸಿ ಹೇಳುತ್ತಿತ್ತು.

ಒಂದು ದಿನ ಸರ್ ಹತ್ತು ನಿಮಿಷ ನನಗೆ ಬಿಟ್ಟುಕೊಟ್ಟರು. ಅವರಂತೆಯೇ ಬೇಕೆಂದು ತಪ್ಪು ಬರೆದು, "ಹೇಳ್ರಿ, ಸರಿ ಐತೇನು?" ಎಂದೆ. ಮಕ್ಕಳೆಲ್ಲ ನನ್ನ ತಪ್ಪನ್ನೇ ಅಚ್ಚುಕಟ್ಟಾಗಿ ಬರೆದುಕೊಂಡರು!

"ನಿಮ್ಮ ಸ್ವರಕ್ಕೆ ಮಕ್ಕಳು ಹೆದರ್ತಾರೆ ಮಾರಾಯ್ರೆ," ಎಂದರು ವಾರಿಜಾ ಮೇಡಂ. "ಟೀಚರದ್ದು ತಪ್ಪು ಅಂತ ಹೇಳ್ಲಿಕ್ಕೆ ಧೈರ್ಯ ಬೇಕಲ್ಲ?"

ಅಂದು ಕುಚ್ಚಲಕ್ಕಿ ಗಂಜಿಯ ಮುಂದೆ ಕೂತು, ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಾದರೂ ಕೇಳಬಾರದೇ ಎನಿಸಿ ಬಿಕ್ಕಿಬಿಕ್ಕಿ ಅತ್ತೆ. ಮರುದಿನದಿಂದ ರೂಮಿನ ಗೋಡೆಗೆ ಪಾಠ ಹೇಳತೊಡಗಿದೆ, ಆಚೆ ಬಟ್ಟೆ ಒಗೆಯುವ ಮನೆಯೊಡತಿಗೆ ಕೇಳದಷ್ಟು ಸಣ್ಣಗೆ.

ತಿಂಗಳ ಕೊನೆಗೆ ಕ್ಲಾಸು ಸಿಕ್ಕಿತು. ಸರ್ ಹಿಂದೆ ಕೂತಿದ್ದರು. ಮತ್ತೆ ಬೇಕೆಂದೇ ತಪ್ಪು ಬರೆದು, "ಎಂಚ?" ಎಂದು ಮೆಲ್ಲಗೆ ಕೇಳಿ ನಿಂತೆ. ಇಲ್ಲ, ಇವತ್ತೂ ಇಲ್ಲ, ಮುಗಿಯಿತು ನನ್ನ ಕತೆ ಎಂದುಕೊಳ್ಳುವಷ್ಟರಲ್ಲಿ, ಅವತ್ತು ಅತ್ತಿದ್ದ ಹುಡುಗಿಯೇ ಎದ್ದಳು.

"ಮೇಡಂ, ಅಲ್ಲಿ ಮೈನಸ್ ಬರ್ಲಿಕ್ಕೆ ಉಂಟು."

"ನಾಳೆಯಿಂದ ಬನ್ನಿ," ಎಂದರು ಸರ್.

ಜಗಲಿಗೆ ಓಡಿ ಅಣ್ಣನ ಫೋನಿಗೆ ಕರೆ ಮಾಡಿದೆ. ಎತ್ತಿದವಳು ಅವ್ವ. "ಅವ್ವಾ, ಕೆಲಸ ಉಳೀತು," ಎಂದೆ ಮೆಲ್ಲಗೆ.

"ಯಾರ್ರೀ ಮಾತಾಡಾಕತ್ತೀರಿ?" ಎಂದಳು. "ನಮ್ಮ ಸುವರ್ಣಾಗ ಫೋನ್ ಕೊಡ್ರಿ."

"ನಾನೇ ಅವ್ವಾ." ಬಾಗಿಲಾಚೆ ವಾರಿಜಾ ಮೇಡಂ ಪಾಠ ನಡೆದಿತ್ತು. ದನಿ ಏರಿಸಲು ಆಗಲೇ ಇಲ್ಲ.

"ಅಕಿಗೆ ಕೊಡ್ರವ್ವಾ," ಎಂದಳು ಅವ್ವ ಮತ್ತೆ.