ಹಣೆಯ ವಿಭೂತಿ, ಗಾಜಿನ ಮೇಲಿನ ಬರಹ

ಜಗಳಗಂಟಿ ಎಂದು ಮನೆಯಲ್ಲೂ ಕಾಲೇಜಿನಲ್ಲೂ ನನಗೆ ಹೆಸರಿದೆ. ಸುಳ್ಳಲ್ಲ. ಆನವಟ್ಟಿಯಲ್ಲಿ ಬಸ್ಸು ಹತ್ತಿ ಶಿಕಾರಿಪುರದ ಕಾಲೇಜು ಮುಟ್ಟುವಷ್ಟರಲ್ಲಿ ಕಂಡಕ್ಟರ್ ಜೊತೆ ಒಂದು ಸುತ್ತು ಆಗಿರುತ್ತದೆ.

ಅಲ್ಲಿನ ಪುಟ್ಟ ಪ್ರಯೋಗಾಲಯದಲ್ಲಿ ನನ್ನ ಕೆಲಸ ಇಷ್ಟು: ಒಂದಕ್ಕೊಂದು ಒಗ್ಗದ ಎರಡು ಪಾಲಿಮರ್‌ಗಳನ್ನು ಜೋಡಿಸಿ, ಕರಗಿಸಿ, ಗಿರಗಿರ ತಿರುಗುವ ಗಾಜಿನ ಮೇಲೆ ತೆಳ್ಳಗೆ ಹರಡುವುದು. ದೂರ ಹೋಗಲಾರದೆ, ಕೂಡಿಯೂ ಇರಲಾರದೆ ಅವು ತಾವಾಗಿಯೇ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳಾಗಿ ಸಾಲುಗಟ್ಟುತ್ತವೆ. ಚುಕ್ಕಿಗಳಿಗೆ ಬಣ್ಣ ಕೂಡಿಸಿ ಲೇಸರ್ ಬೆಳಕು ತಾಗಿಸಿದರೆ ಅಲ್ಲಿ ಬರೆಯಬಹುದು, ಬೇಕಾದಾಗ ಓದಬಹುದು. ಉಗುರಿನಷ್ಟು ಗಾಜಿನಲ್ಲಿ ಒಂದು ಲೈಬ್ರರಿಯೇ ಹಿಡಿಸೀತು. ಆದರೆ ನನ್ನ ಪದರದ ತುಂಬ ಬಾಲವಿರುವ ಕಲೆಗಳು. ತಿಂಗಳೊಳಗೆ ಸರಿಯಾಗದಿದ್ದರೆ ಈ ಕೆಲಸವನ್ನು ದೊಡ್ಡ ಊರಿನ ಪ್ರಯೋಗಾಲಯಕ್ಕೆ ಒಪ್ಪಿಸುವುದಾಗಿ ಪ್ರಾಂಶುಪಾಲರು ಹೇಳಿಬಿಟ್ಟಿದ್ದರು.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಕಲೆಯ ತಲೆಯಲ್ಲೂ ಒಂದು ಬಿಳಿ ಕಣ. ತಕ್ಷಣ ಆಯುಧಪೂಜೆ ನೆನಪಾಯಿತು. ನಿವೃತ್ತಿಗೆ ಹತ್ತಿರವಾಗಿದ್ದ ನಮ್ಮ ಅಟೆಂಡರ್ ಗಾಜು ತಿರುಗಿಸುವ ಯಂತ್ರಕ್ಕೆ ಮೂರು ಬೆರಳು ವಿಭೂತಿ ಬಳಿದಿದ್ದರು. ಹಬ್ಬಕ್ಕೂ ಮೊದಲೇ ಕಲೆಗಳಿದ್ದವು ಎಂಬುದನ್ನು ಸಿಟ್ಟು ಮರೆಸಿತ್ತು.

"ಎಂತ ಕೆಲ್ಸ ಮಾಡಿದ್ರಿ ಮಾರಾಯ್ರೇ! ಭಕ್ತಿ ತೋರ್ಸಕ್ಕೆ ಇದೇ ಮಿಷನ್ ಬೇಕಾಗಿತ್ತಾ?" ಎಂದು ಹಾರಾಡಿದೆ.

ಅವರು ಯಂತ್ರವನ್ನು ಎರಡೆರಡು ಸಲ ಒರೆಸಿದರು. ಮರುದಿನವೂ ಅದೇ ಬಿಳಿ ಕಣ. ನಾನು ಬಾಯಿ ತೆರೆಯುವ ಮೊದಲೇ ಅವರು ಮೇಜಿನ ಮೇಲೆ ಕಪ್ಪು ಕಾಗದ ಹಾಸಿದರು.

"ಮೇಡಂ, ಮಿಷನ್ ಮ್ಯಾಲೆ ಬಗ್ಗಿದಂಗ ಇದರ ಮ್ಯಾಲೂ ಒಂದೀಟು ಬಗ್ರಿ."

ಬಗ್ಗಿದೆ. ದಿನವೂ ಸ್ನಾನವಾದ ಮೇಲೆ ಬಿಡದೆ ಹಚ್ಚಿಕೊಳ್ಳುವ ನನ್ನ ಹಣೆಯ ವಿಭೂತಿ ಕಾಗದದ ಮೇಲೆ ಪುಡಿಪುಡಿಯಾಗಿ ಉದುರಿತು. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. "ತಪ್ಪಾಯ್ತು" ಎಂದೆ. ಆ ಮಾತು ನನ್ನ ಬಾಯಲ್ಲಿ ಬರುವುದು ಅಪರೂಪ.

ಮುಖ ತೊಳೆದು, ತಲೆಗೂ ಹಣೆಗೂ ಬಟ್ಟೆ ಕಟ್ಟಿಕೊಂಡು ಹೊಸ ಪದರ ಹರಡಿದೆ. ಒಂದೇ ಒಂದು ಕಲೆ ಇಲ್ಲ! ಮೊದಲು ಏನು ಬರೆಯಲಿ ಎಂದು ಅವರನ್ನೇ ಕೇಳಿದೆ.

"ನಮ್ಮೂರ ಹೆಸ್ರು ಬರೀರಿ" ಎಂದರು.

ಬರೆದೆ. ಪ್ರಾಂಶುಪಾಲರ ಎದುರಿನಲ್ಲೇ ಗಾಜನ್ನು ಓದಿಸಿದಾಗ ಪರದೆಯ ಮೇಲೆ ಅಚ್ಚ ಕನ್ನಡದಲ್ಲಿ 'ಈಸೂರು' ಎಂದು ಮೂಡಿತು. ಗೆದ್ದೆವು! ಕುಣಿಯುವುದೊಂದು ಬಾಕಿ. ಕೆಲಸ ಇಲ್ಲೇ ಮುಂದುವರಿಯಲಿ ಎಂದು ಪ್ರಾಂಶುಪಾಲರು ಕೈಕುಲುಕಿದರು.

ಅಟೆಂಡರ್ ಮಾತ್ರ ಪರದೆಯನ್ನೇ ನೋಡುತ್ತಿದ್ದರು.

"ಮೇಡಂ, ಇದನ್ನ ಅಳಸಾಕ ಬರ್ತತೇನ್ರಿ?"

"ಇಲ್ಲ. ಈ ಗಾಜು ಇರೋ ತನಕ ಇರ್ತದೆ."

ಅವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಹಂಗಾರ ಬೈಸ್ಕಂಡಿದ್ದು ಸಾರ್ಥಕ ಆತು ಬಿಡ್ರಿ."